ಕಗ್ಗಲಡುವಿನ ಕೊಕ್ಕರೆ, ಚಿಕ್ಕಪ್ಪನ ಬೀರುವಿನ ಲೆನ್ಸ್

"ಅದೇನಪ್ಪಾ, ತುಪಾಕಿನಾ?" ಅಂತ ಅಜ್ಜಿ ಕೇಳಿದರು. ಕೈಯಲ್ಲಿ ಸಗಣಿ ಬುಟ್ಟಿ, ಮುಖದಲ್ಲಿ ಅನುಮಾನ. ಬೆಳಗ್ಗೆ ಆರೂಮುಕ್ಕಾಲು. ನಾನು ಕಗ್ಗಲಡುವಿನ ಹುಣಸೆ ಮರದ ಕೆಳಗೆ ಎರಡು ಕೆಜಿ ಹತ್ತಿರ ತೂಗುವ ಲೆನ್ಸನ್ನು ಮೇಲಕ್ಕೆತ್ತಿ ನಿಂತಿದ್ದೆ. "ಇಲ್ಲ ಅಜ್ಜಿ, ಕ್ಯಾಮೆರಾ" ಅಂದೆ. "ಹಕ್ಕಿಗೇನೂ ಆಗಲ್ಲ ತಾನೆ?" ಅಂದರು. ಆಗಲ್ಲ ಅಂದೆ. ನಿಜ ಹೇಳಬೇಕೆಂದರೆ ಅದರಿಂದ ಹಕ್ಕಿಗೂ ಏನೂ ಆಗುತ್ತಿರಲಿಲ್ಲ, ನನಗೂ ಏನೂ ಆಗುತ್ತಿರಲಿಲ್ಲ. ಅರ್ಧ ಗಂಟೆಯಿಂದ ಒಂದೇ ಒಂದು ಫೋಟೋ ಬಂದಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಗ್ಗಲಡು ನಮ್ಮ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಊರು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು, ಬೂದು ಬಕಗಳು ಗೂಡು ಕಟ್ಟುತ್ತವೆ. ದೋಣಿ ಬೇಡ, ಕಾಡು ಸುತ್ತುವುದು ಬೇಡ. ಮನೆ ಮುಂದೆ ನಿಂತು ಕತ್ತೆತ್ತಿದರೆ ಸಾಕು. ಹಾಗಾಗಿ ಮಾರ್ಚಿನ ಒಂದು ಭಾನುವಾರ, ಹಿಂದಿನ ರಾತ್ರಿಯೇ ಶಿರಾದ ಚಿಕ್ಕಪ್ಪನ ಮನೆಗೆ ಹೋಗಿ ಮಲಗಿ, ಬೆಳಕು ಹರಿಯುವ ಮುಂಚೆ ಬೈಕಿನಲ್ಲಿ ಹೊರಟಿದ್ದೆ.

ನನ್ನ ಕ್ಯಾಮೆರಾ ಸೋನಿ ಎ6400, ಮಿರರ್‌ಲೆಸ್, ಸೆಕೆಂಡ್ ಹ್ಯಾಂಡ್. ಲೆನ್ಸ್ ನನ್ನದಲ್ಲ, ಆಫೀಸಿನ ಗೆಳೆಯನದು. 150-600 ಎಂಎಂ, ಅಂದರೆ ದೂರದ್ದನ್ನು ಹತ್ತಿರ ತೋರಿಸುವ ಜೂಮ್. ಕ್ಯಾನನ್ ಇಎಫ್ ಮೌಂಟಿಗೆ (ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿ) ಅಂತ ಬೇರೆ ಕಂಪನಿಯವರು ಮಾಡಿದ್ದು. ಎರಡರ ನಡುವೆ ಇನ್ನೊಂದು ಕಂಪನಿಯ ಎಲೆಕ್ಟ್ರಾನಿಕ್ ಅಡಾಪ್ಟರ್. ಲೆಕ್ಕ ಹಾಕಿ, ಮೂರು ಮನೆಯವರು ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ.

ಕೂರಿಸುವುದೇನೂ ಕಷ್ಟವಲ್ಲ. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಸೆನ್ಸರಿಗೂ ಮಧ್ಯೆ ಕನ್ನಡಿ ಇರುತ್ತದೆ, ಅದು ಏಳಲು ಜಾಗ ಬೇಕು. ಹಾಗಾಗಿ ಇಎಫ್ ಮೌಂಟಿನಿಂದ ಸೆನ್ಸರ್‌ವರೆಗೆ 44 ಮಿಲಿಮೀಟರ್. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲ, ಸೋನಿ ಇ ಮೌಂಟಿಗೆ 18 ಸಾಕು. ಉಳಿದ 26 ಮಿಲಿಮೀಟರ್ ತುಂಬಿಸುವ ಖಾಲಿ ಕೊಳವೆಯೇ ಅಡಾಪ್ಟರ್. ಒಳಗೆ ಗಾಜು ಕೂಡ ಇಲ್ಲ. ಮಿರರ್‌ಲೆಸ್‌ಗೆ ಹೆಚ್ಚು ಕಡಿಮೆ ಯಾವ ಹಳೇ ಲೆನ್ಸ್ ಬೇಕಾದರೂ ಕೂರುತ್ತದೆ ಅನ್ನುವುದು ಇದೇ ಕಾರಣಕ್ಕೆ. ಉಲ್ಟಾ ಮಾಡಲು ಹೋದರೆ ಆಗಲ್ಲ, ಮಿರರ್‌ಲೆಸ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕಲು ಜಾಗವೇ ಉಳಿದಿರುವುದಿಲ್ಲ.

ಕಷ್ಟ ಇರುವುದು ಮಾತಿನಲ್ಲಿ. ಇಎಫ್ ಲೆನ್ಸಿನಲ್ಲಿ ಫೋಕಸ್, ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಎರಡೂ ವಿದ್ಯುತ್ತಿನಲ್ಲೇ ನಡೆಯುತ್ತವೆ, 1987ರಲ್ಲಿ ಆ ಮೌಂಟ್ ಬಂದಾಗಿನಿಂದಲೂ ಹಾಗೇ. ನನ್ನ ಗೆಳೆಯನ ಲೆನ್ಸ್ ಮಾಡಿದವರು ಕ್ಯಾನನ್ ಭಾಷೆಯನ್ನು ಕೇಳಿ ಕೇಳಿ ಕಲಿತವರು. ಅಡಾಪ್ಟರ್ ಮಾಡಿದವರು ಕ್ಯಾನನ್ ಭಾಷೆಯನ್ನೂ ಸೋನಿ ಭಾಷೆಯನ್ನೂ ತಾವೇ ಅಂದಾಜಿನಲ್ಲಿ ಬಿಡಿಸಿಕೊಂಡವರು. ಕ್ಯಾಮೆರಾ ಒಂದು ಹೇಳುತ್ತದೆ, ಅಡಾಪ್ಟರ್ ಇನ್ನೊಂದು ಅನುವಾದಿಸುತ್ತದೆ, ಲೆನ್ಸ್ ಮೂರನೆಯದು ಮಾಡುತ್ತದೆ. ಮನೆಯಲ್ಲಿ ಗೋಡೆ ಗಡಿಯಾರದ ಮೇಲೆ ಇಟ್ಟು ನೋಡಿದಾಗ ಮಾತ್ರ ಎಲ್ಲ ಚೆನ್ನಾಗೇ ನಡೆದಿತ್ತು. ಗಡಿಯಾರ ಹಾರಲ್ಲ ಅಲ್ವಾ.

ಇಲ್ಲಿ ಹಾಗಲ್ಲ. ಕೊಕ್ಕರೆ ಕೊಂಬೆಯಿಂದ ಎದ್ದರೆ ಲೆನ್ಸ್ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಗರ್ರ್ ಅಂತ ಓಡುತ್ತಿತ್ತು. ಹಿಂದಿನ ಕೊಂಬೆ ಸ್ಪಷ್ಟ, ಮುಂದಿನ ಎಲೆ ಸ್ಪಷ್ಟ, ಹಕ್ಕಿ ಮಾತ್ರ ಬಿಳಿ ಹತ್ತಿ ಉಂಡೆ. ಆಮೇಲೆ ಪರದೆ ಕಪ್ಪಾಯಿತು. ಬ್ಯಾಟರಿ ತೆಗೆದು ಹಾಕಿದೆ, ಬಂತು. ನಾಲ್ಕು ಫ್ರೇಮ್ ಹೊಡೆಯುವಷ್ಟರಲ್ಲಿ ಮತ್ತೆ ಕಪ್ಪು. ಮೂರನೇ ಸಲ "ಲೆನ್ಸ್ ಗುರುತಿಸಲಾಗುತ್ತಿಲ್ಲ, ಸರಿಯಾಗಿ ಜೋಡಿಸಿ" ಅನ್ನೋ ಅರ್ಥದ ಸಾಲು ಬಂತು. ಎರಡು ಕೆಜಿ ಲೆನ್ಸ್, ಮೂತಿಗೇ ನೇತಾಡುತ್ತಿದೆ, ಗುರುತಿಸಲಾಗುತ್ತಿಲ್ಲವಂತೆ!

ಬೈಯುವ ಹಾಗೂ ಇಲ್ಲ. ಸೋನಿಯವರು 2011ರಲ್ಲೇ ಇ ಮೌಂಟಿನ ಮೂಲ ವಿವರಗಳನ್ನು ಬೇರೆ ಕಂಪನಿಗಳಿಗೆ ಕೊಡಲು ಶುರು ಮಾಡಿದರು, ಹಾಗಾಗಿ ನೇರ ಇ ಮೌಂಟಿಗೇ ಮಾಡಿದ ಬೇರೆ ಕಂಪನಿ ಲೆನ್ಸುಗಳು ಚೆನ್ನಾಗಿಯೇ ಓಡುತ್ತವೆ. ನನ್ನದು ಅದಲ್ಲ. ನನ್ನದು ದುಡ್ಡು ಉಳಿಸುವ ದಾರಿ, ಮತ್ತು ಆ ದಾರಿಯಲ್ಲಿ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಅನ್ನೋ ಗುಂಡಿಗಳು ಜಾಸ್ತಿ. ಅಡಾಪ್ಟರ್‌ಗೆ ಹೊಸ ಫರ್ಮ್‌ವೇರ್ ಹಾಕಿ ನೋಡಬೇಕಿತ್ತು. ಹಕ್ಕಿ ನೋಡಲು ಹೊರಟವನು ಲ್ಯಾಪ್‌ಟಾಪ್ ಹೊತ್ತು ಬರುತ್ತಾನಾ?

ಬ್ಯಾಗಿನ ತಳದಲ್ಲಿ ಇನ್ನೊಂದು ಲೆನ್ಸ್ ಇತ್ತು. ಹಿಂದಿನ ರಾತ್ರಿ ಊಟ ಆದ ಮೇಲೆ ಚಿಕ್ಕಪ್ಪ ಬೀರು ತೆಗೆದು, ಹಳೇ ಪಂಚೆಯಲ್ಲಿ ಸುತ್ತಿದ್ದ ಗಂಟನ್ನು ಮುಂದಿಟ್ಟಿದ್ದರು. ಅವರು ಶಿರಾದಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದವರು, ಮದುವೆ, ನಾಮಕರಣ, ರೇಷನ್ ಕಾರ್ಡ್ ಫೋಟೋ ಎಲ್ಲ ತೆಗೆದವರು. ಗಂಟಿನಲ್ಲಿದ್ದದ್ದು ವಿವಿಟಾರ್ 135 ಎಂಎಂ, ಎಫ್ 2.8, ನಿಕಾನ್ ಮೌಂಟ್. "ಇದು ನಿನ್ನ ಡಬ್ಬಿಗೆ ಕೂರುತ್ತಾ ನೋಡು" ಅಂದರು. ನನಗೆ ನಿಜವಾಗಿ ಖುಷಿ ಆದದ್ದು ಅದರ ಸೀರಿಯಲ್ ನಂಬರ್ ನೋಡಿ. 28ರಿಂದ ಶುರು. ವಿವಿಟಾರ್ ಅಮೆರಿಕದ ಹೆಸರು, ಅವರು ಆಗ ಲೆನ್ಸನ್ನು ತಾವೇ ಮಾಡುತ್ತಿರಲಿಲ್ಲ, ಜಪಾನಿನ ಕಾರ್ಖಾನೆಗಳಿಂದ ಮಾಡಿಸಿ ಹೆಸರು ಹಾಕುತ್ತಿದ್ದರು. 28 ಇದ್ದರೆ ಕೊಮಿನೆ, 22 ಇದ್ದರೆ ಕಿರಾನ್, 37 ಇದ್ದರೆ ಟೋಕಿನಾ. ಇದನ್ನು ಹೇಳಿದಾಗ ಚಿಕ್ಕಪ್ಪ, "ಇಷ್ಟು ವರ್ಷ ಇಟ್ಕೊಂಡಿದ್ದೀನಿ, ಅದರ ತಾಯಿ ಮನೆ ಯಾವುದು ಅಂತ ನೀನು ಹೇಳಬೇಕಾಯ್ತು ನೋಡು" ಅಂತ ನಕ್ಕರು. ಗಾಜಿನ ಅಂಚಿನಲ್ಲಿ ಜೇಡರ ಬಲೆ ತರಹ ಸ್ವಲ್ಪ ಫಂಗಸ್ ಇತ್ತು. ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರೆ ಇನ್ನೇನಾಗುತ್ತದೆ. ನಡುವಿನ ಗಾಜು ಶುದ್ಧವಾಗಿತ್ತು.

ನನ್ನ ಹತ್ತಿರ ನಿಕಾನ್‌ನಿಂದ ಸೋನಿಗೆ ಹಾಕುವ ಸಾದಾ ಅಡಾಪ್ಟರ್ ಇತ್ತು, ಹಿಂದೊಮ್ಮೆ ಹಳೇ 50 ಎಂಎಂಗೆ ಅಂತ ತೆಗೆದುಕೊಂಡದ್ದು. ನಿಕಾನ್ 46.5, ಸೋನಿ 18, ಕಳೆದರೆ 28.5 ಮಿಲಿಮೀಟರ್ ಲೋಹದ ಕೊಳವೆ. ತಂತಿ ಇಲ್ಲ, ಚಿಪ್ ಇಲ್ಲ, ಏನೂ ಇಲ್ಲ.

ಅಜ್ಜಿಯ ಜಗುಲಿ ಮೇಲೆ ಕೂತು ಬದಲಾಯಿಸಿದೆ. ಶಟರ್ ಒತ್ತಿದರೆ ಕ್ಯಾಮೆರಾ ಮತ್ತೆ ಅದೇ ಮಾತು, ಲೆನ್ಸ್ ಗುರುತಿಸಲಾಗುತ್ತಿಲ್ಲ. ಈ ಸಲ ಅದು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಗುರುತಿಸಲು ಅಲ್ಲೇನೂ ಇರಲೇ ಇಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು ಅನ್ನೋ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿದರೆ ಮುಗಿಯಿತು, ಮತ್ತೆ ತಕರಾರಿಲ್ಲ. ಫೋಕಸ್ ಪೀಕಿಂಗ್ ಹಾಕಿ ಬಣ್ಣ ಕೆಂಪು ಮಾಡಿದೆ. ಯಾವುದು ಫೋಕಸ್‌ನಲ್ಲಿದೆಯೋ ಅದರ ಅಂಚು ಕೆಂಪಗೆ ಮಿನುಗುತ್ತದೆ. ಒಂದು ಬಟನ್‌ಗೆ ಹಿಗ್ಗಿಸಿ ನೋಡುವ ಕೆಲಸ ಕೊಟ್ಟೆ.

ಮೊದಲ ಇಪ್ಪತ್ತು ನಿಮಿಷ ನಾನೇ ದಡ್ಡನಾದೆ. ಲೆನ್ಸಿನ ಅಪರ್ಚರ್ ರಿಂಗನ್ನು ಟಿಕ್ ಟಿಕ್ ಅಂತ 5.6ಕ್ಕೆ ತಿರುಗಿಸಿ ಹೊಡೆಯುತ್ತಿದ್ದೆ (ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಹಕ್ಕಿಯ ಬಿಳಿ ಗರಿಗಳ ಸುತ್ತ, ಆಕಾಶ ಹಿಂದೆ ಇದ್ದಲ್ಲೆಲ್ಲ, ನೇರಳೆ ಬಣ್ಣದ ಅಂಚು. ಹಳೇ ಲೆನ್ಸ್ ಪೂರ್ತಿ ತೆರೆದಾಗ ಹಾಗಾಗುವುದು ಸಾಮಾನ್ಯ, ಆದರೆ 5.6ರಲ್ಲೂ ಇಷ್ಟೊಂದಾ ಅಂತ ಗೊಂದಲ. ಸ್ಕ್ರೀನಿನಲ್ಲಿ ಅಪರ್ಚರ್ ಜಾಗದಲ್ಲಿ ಎಫ್ ಮುಂದೆ ಎರಡು ಗೀಟು ಮಾತ್ರ, ಅದಕ್ಕೇನು ಗೊತ್ತು ಪಾಪ. ಕೊನೆಗೆ ಹೊಳೆಯಿತು, ನಾನು ರಿಂಗ್ ತಿರುಗಿಸಿದರೂ ಶಟರ್ ಸ್ಪೀಡ್ ಬದಲಾಗುತ್ತಲೇ ಇಲ್ಲ, ಅಂದರೆ ಒಳಗೆ ಬರುವ ಬೆಳಕು ಕಡಿಮೆಯೇ ಆಗುತ್ತಿಲ್ಲ. ಈ ತರಹದ ಅಡಾಪ್ಟರ್‌ಗೇ ಒಂದು ರಿಂಗ್ ಇರುತ್ತದೆ, ಅಪರ್ಚರ್ ರಿಂಗ್ ಇಲ್ಲದ ನಿಕಾನ್ ಜಿ ಲೆನ್ಸುಗಳಿಗೆ. ಅದು ಓಪನ್ ಕಡೆ ಇದ್ದರೆ ಲೆನ್ಸಿನೊಳಗಿನ ಸಣ್ಣ ಕಡ್ಡಿಯನ್ನು ಹಿಡಿದುಕೊಂಡು ಬಿಡುತ್ತದೆ, ನೀವು ಲೆನ್ಸಿನಲ್ಲಿ ಏನೇ ತಿರುಗಿಸಿದರೂ ಒಳಗೆ 2.8. ಅದನ್ನು ಲಾಕ್ ಕಡೆ ತಿರುಗಿಸಿದೆ. ಅಷ್ಟೇ. ನೇರಳೆ ಮುಕ್ಕಾಲು ಪಾಲು ಹೋಯಿತು.

ಆಮೇಲೆ ಕೆಲಸ ಒಂದು ಲಯಕ್ಕೆ ಬಂತು. ಎ6400ರ ಸೆನ್ಸರ್ ಚಿಕ್ಕದು, ಅದರಲ್ಲಿ 135 ಅಂದರೆ ಫುಲ್ ಫ್ರೇಮಿನ (ದೊಡ್ಡ ಸೆನ್ಸರಿನ) 200ರಷ್ಟು ನೋಟ, ಬಾಡಿಯಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ಹಾಗಾಗಿ ಶಟರ್ 1/1000ಕ್ಕಿಂತ ಕೆಳಗೆ ಇಳಿಸಲಿಲ್ಲ. ಎಡಗೈ ಲೆನ್ಸಿನ ಕೆಳಗೆ. 600ರ ಮುಂದೆ ಇದು ಏನೂ ಅಲ್ಲ, ಆದರೆ ಕಗ್ಗಲಡುವಿನಲ್ಲಿ ಕೆಲವು ಗೂಡು ಅಷ್ಟು ಹತ್ತಿರ ಇವೆ, ಸಾಕಾಯಿತು. ಹಾರುವ ಹಕ್ಕಿಯ ಹಿಂದೆ ಓಡುವುದು ಬಿಟ್ಟೆ. ಗೂಡಿನ ಅಂಚಿಗೆ ಮೊದಲೇ ಫೋಕಸ್ ಮಾಡಿ ಕಾಯುತ್ತಿದ್ದೆ. ಕಡ್ಡಿ ಕಚ್ಚಿಕೊಂಡು ಬಂದು ಇಳಿಯುವ ಆ ಕ್ಷಣ ರೆಕ್ಕೆ ಬಿಡಿಸಿರುತ್ತದೆ, ಹಿಂಭಾಗದ ಗುಲಾಬಿ ಗರಿ ಕಾಣುತ್ತದೆ, ಕೆಂಪು ಗೆರೆ ಮಿನುಗುತ್ತದೆ, ಒತ್ತಬೇಕು. ಹತ್ತರಲ್ಲಿ ಎರಡು ಮೂರು ಸಿಗುತ್ತಿದ್ದವು. ದೂರ ಆಕಾಶದಲ್ಲಿ ಸುತ್ತುತ್ತಿದ್ದವಕ್ಕೆ ಸುಮ್ನೆ ರಿಂಗನ್ನು ಕೊನೆಯವರೆಗೆ ತಿರುಗಿಸಿ ಹೊಡೆದೆ, ಎಲ್ಲ ಮಂಜು ಮಂಜು. ಇಂತಹ ಅಡಾಪ್ಟರುಗಳನ್ನು ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ, ಇನ್ಫಿನಿಟಿ, ಅಂದರೆ ತುಂಬಾ ದೂರದ ಫೋಕಸ್, ಸಿಗದೇ ಹೋಗಬಾರದು ಅಂತ. ಹಾಗಾಗಿ ರಿಂಗು ಇನ್ಫಿನಿಟಿ ದಾಟಿ ಮುಂದೆ ಹೋಗಿಬಿಡುತ್ತದೆ. ಸ್ವಲ್ಪ ವಾಪಸ್ ತಿರುಗಿಸಬೇಕು.

ಅಜ್ಜಿ ಸಗಣಿ ಬುಟ್ಟಿ ಇಳಿಸಿ, ಕೈ ತೊಳೆದು ಬಂದು ಸ್ಕ್ರೀನ್ ನೋಡಿದರು. "ತುಪಾಕಿಗಿಂತ ಈ ಚೋಟುದ್ದದ್ದೇ ಚೆನ್ನಾಗೈತಲ್ಲಪ್ಪಾ" ಅಂದರು. ದೊಡ್ಡ ಲೆನ್ಸ್ ಜಗುಲಿ ಮೇಲೆ ಮಲಗಿತ್ತು.

ವಾಪಸ್ ಬರುವಾಗ ಚಿಕ್ಕಪ್ಪನ ಮನೆಯಲ್ಲೇ ಊಟ. ಫೋಟೋಗಳನ್ನು ಟಿವಿಗೆ ಹಾಕಿ ತೋರಿಸಿದೆ. 2.8ರಲ್ಲಿ ಹಾಳಾದವನ್ನು ಬೇಗ ದಾಟಿಸಲು ನೋಡಿದೆ, ಅವರು ಬಿಡಲಿಲ್ಲ. "ನಿಲ್ಸು ನಿಲ್ಸು" ಅಂತ ಎದ್ದು ಹತ್ತಿರ ಹೋಗಿ, ಕೊಕ್ಕರೆಯ ರೆಕ್ಕೆ ಅಂಚಿನ ನೇರಳೆಯನ್ನು ಬೆರಳಲ್ಲಿ ಮುಟ್ಟಿದರು.

"ಇದು ಆಗಲೂ ಇದ್ದಿರಬೇಕು ಕಣೋ. ನಾನು ಇದರಲ್ಲಿ ತೆಗೆದದ್ದೆಲ್ಲ ಬ್ಲಾಕ್ ಅಂಡ್ ವೈಟು. ಕಾಣೋದಾದ್ರೂ ಹೆಂಗೆ?"

ಆಮೇಲೆ ಯಾವ ಅಪರ್ಚರ್ ಅಂತ ಒಂದೊಂದಕ್ಕೂ ಕೇಳಿದರು. ಫೈಲಿನಲ್ಲಿ ಏನೂ ಬರೆದಿರಲಿಲ್ಲ, ನನಗೂ ನೆನಪಿರಲಿಲ್ಲ. "ನಾವು ಪುಸ್ತಕದಲ್ಲಿ ಬರ್ಕೋತಿದ್ವಿ" ಅಂದರು ಚಿಕ್ಕಪ್ಪ.

150-600ನ್ನು ಸೋಮವಾರ ಗೆಳೆಯನಿಗೆ ಕೊಟ್ಟೆ. 135 ನನ್ನ ಹತ್ತಿರವೇ ಇದೆ. ಚಿಕ್ಕಪ್ಪ ವಾಪಸ್ ಕೇಳಿಲ್ಲ, ನಾನೂ ಆ ಮಾತು ಎತ್ತಿಲ್ಲ. ಪಂಚೆ ಮಾತ್ರ ಚಿಕ್ಕಮ್ಮ ಕೇಳಿ ಇಸ್ಕೊಂಡರು.