ಹೊಣೆ ಹೊತ್ತವರೇ ಬರೆದಾಗ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ನಂತರ, ಮಡಿಕೇರಿಯಲ್ಲಿರುವ ನನ್ನನ್ನು ಪರಿಚಿತರು ಕೇಳುತ್ತಿದ್ದುದು ಒಂದೇ: ರಸ್ತೆ ತೆರೆದಿದೆಯೇ, ಬರಬಹುದೇ? ಆ ದಿನಗಳಲ್ಲಿಯೂ ಇಲ್ಲಿನ ಒಂದು ರೆಸಾರ್ಟಿನ ಬ್ಲಾಗಿನಲ್ಲಿ ಮಂಜಿನ ಮತ್ತು ಬೇಸಿಗೆಯ ಮೊದಲ ಮಳೆಗೆ ಅರಳುವ ಕಾಫಿ ಹೂವಿನ ವರ್ಣನೆಯಷ್ಟೇ ಇದ್ದುದನ್ನು ಕಂಡು ನನಗೆ ನೋವಾಯಿತು.

ಸಂಸ್ಥೆಯ ಬ್ಲಾಗ್ ಜಾಹೀರಾತಿಗಿಂತ ಭಿನ್ನವಾಗುವುದು ಹೊಣೆ ಹೊತ್ತವರು ತಮ್ಮದೇ ಹೆಸರಿನಲ್ಲಿ ಬರೆದಾಗ. ಅಮೆರಿಕದ ಕಂಪ್ಯೂಟರ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್‌ನ ಮುಖ್ಯಸ್ಥರಲ್ಲೊಬ್ಬರಾದ ಜೊನಾಥನ್ ಶ್ವಾರ್ಟ್ಸ್ 2004ರಲ್ಲಿಯೇ ಹಾಗೆ ಬರೆಯತೊಡಗಿದ್ದರು. ಹೋಟೆಲ್ ಉದ್ಯಮಿ ಬಿಲ್ ಮ್ಯಾರಿಯಟ್ ಅವರ ಉದಾಹರಣೆ ನನಗೆ ಇನ್ನೂ ಹತ್ತಿರದ್ದು: 2007ರಲ್ಲಿ ಬ್ಲಾಗ್ ಆರಂಭಿಸಿದ ಅವರು ತಾವೇ ಟೈಪ್ ಮಾಡದೆ ಮಾತನಾಡಿ ಹೇಳಿದ್ದನ್ನು ಸಿಬ್ಬಂದಿ ಅಕ್ಷರಕ್ಕಿಳಿಸುತ್ತಿದ್ದರು, ಮರುವರ್ಷ ಇಸ್ಲಾಮಾಬಾದಿನ ಮ್ಯಾರಿಯಟ್ ಹೋಟೆಲಿನ ಮೇಲೆ ಬಾಂಬ್ ದಾಳಿಯಾದಾಗಲೂ ಅವರು ಆ ಬ್ಲಾಗಿನಲ್ಲಿಯೇ ಜನರೊಂದಿಗೆ ನೇರವಾಗಿ ಮಾತನಾಡಿದರು. ಮಡಿಕೇರಿ ಬಳಿಯ ಮಕ್ಕಂದೂರಿನ ಕಡೆಯ ರಸ್ತೆ ಹೇಗಿದೆ, ಯಾವ ಕೊಠಡಿ ಸುರಕ್ಷಿತ ಎಂಬುದನ್ನು ನಮ್ಮ ಊರಿನ ರೆಸಾರ್ಟ್ ಮಾಲೀಕರೂ ಅಷ್ಟೇ ನೇರವಾಗಿ ಬರೆಯಬೇಕೆಂಬುದು ನನ್ನ ಅಪೇಕ್ಷೆ.