ಸ್ಟಾಲಿನ್‌ಗ್ರಾಡಿನ ಒಂದು ಮೂಲೆ, 1/35ರಲ್ಲಿ

ಮಾದರಿ ಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಕ ಹೊಯ್ಯುವ ದಿನ ಬೇರೆ ಕೆಲಸ ಇಟ್ಟುಕೊಳ್ಳಬಾರದು. ಚಪ್ಪಡಿ ಗಟ್ಟಿಯಾಗಿರಬೇಕು, ಒಳಗೆ ತೇವವೂ ಉಳಿದಿರಬೇಕು. ಅಂಥ ಕೆಲವೇ ಗಂಟೆಗಳಲ್ಲಿ ಕಿಟಕಿ ಕೊರೆಯುವುದು, ಗೋಡೆ ಒಡೆಯುವುದು, ಇಟ್ಟಿಗೆ ಗೀರುವುದು ಎಲ್ಲ ಆಗಬೇಕು. ಈ ಭಾನುವಾರ ಕೈಗೆತ್ತಿಕೊಂಡದ್ದು ಜರ್ಮನ್ ಸೇನೆಯೊಡನೆ ಕಾದಾಟ ನಡೆದಿದ್ದ 1942ರ ಅಕ್ಟೋಬರಿನ ಸ್ಟಾಲಿನ್‌ಗ್ರಾಡಿನ ಒಂದು ವಸತಿ ಕಟ್ಟಡದ ಮೂಲೆ, 1/35ರಲ್ಲಿ, ಅಂದರೆ ನಿಜದ ಅಳತೆಯ ಮೂವತ್ತೈದರಲ್ಲಿ ಒಂದು ಪಾಲಿನ ಮಾದರಿಯಾಗಿ. ನಾಲ್ಕು ಅಂತಸ್ತಿನ ಮನೆಯಲ್ಲಿ ಕೆಳಗಿನ ಎರಡರಷ್ಟು ಗೋಡೆ ಮಾತ್ರ ನಿಂತಿದೆ. 30×24 ಸೆಂ.ಮೀ. ಪೀಠ, ಅದರ ಮೇಲೆ ಮೂವರು ಸೋವಿಯತ್ ಸೈನಿಕರು.

ಎರಕಕ್ಕೆ ಮೊದಲು ಕಾಗದದ ಕೆಲಸ. ಒಡೆದ ಮನೆ ಮಾಡಬೇಕೆಂದರೆ ಮೊದಲು ಒಡೆಯದ ಮನೆಯನ್ನು ಬರೆದುಕೊಳ್ಳಬೇಕು. ಗ್ರಾಫ್ ಹಾಳೆಯ ಮೇಲೆ ನಾಲ್ಕೂ ಅಂತಸ್ತು, ಎಲ್ಲ ಕಿಟಕಿ, ತೊಲೆಗಳು ಕೂರುವ ಜಾಗ, ಎಲ್ಲವನ್ನೂ ಬರೆದು, ಆಮೇಲೆ ಬಿದ್ದುಹೋದ ಭಾಗಕ್ಕೆ ಕೆಂಪು ಪೆನ್ಸಿಲ್ ಹಾಕುತ್ತೇನೆ. ಇದನ್ನು ಬಿಟ್ಟವರ ಗೋಡೆ ಎಷ್ಟೇ ಚೆನ್ನಾಗಿ ಬಣ್ಣ ಕಂಡರೂ ನಾಟಕದ ಪರದೆಯಂತೆ ಕಾಣುತ್ತದೆ. ಮೇಲೆ ಏನಿತ್ತು, ಅದರ ಭಾರ ಎಲ್ಲಿಗೆ ಇಳಿಯುತ್ತಿತ್ತು ಎಂಬುದು ಅಲ್ಲಿ ಇರುವುದಿಲ್ಲ.

ಅಳತೆ ಇಟ್ಟಿಗೆಯಿಂದ ಶುರು. ನಮ್ಮ ಕಣ್ಣಿಗೆ ರೂಢಿಯಾಗಿರುವುದು 9 ಇಂಚಿನ, 3 ಇಂಚು ದಪ್ಪದ ಇಟ್ಟಿಗೆ. ಅದೇ ಅಂದಾಜಿನಲ್ಲಿ ಗೀರಿದರೆ ವರಸೆಗಳು, ಅಂದರೆ ಇಟ್ಟಿಗೆಯ ಸಾಲುಗಳು, ಎತ್ತರವಾಗಿ ರಷ್ಯದ ಗೋಡೆ ಬೆಂಗಳೂರಿನ ಕಾಂಪೌಂಡ್ ಆಗಿಬಿಡುತ್ತದೆ. ಸೋವಿಯತ್ ಇಟ್ಟಿಗೆ 250×120×65 ಮಿ.ಮೀ. 1/35ಕ್ಕೆ ಇಳಿಸಿದರೆ 7.1×3.4×1.9 ಮಿ.ಮೀ. ಮಲಗಿದ ಸಂದಿನ ಗಾರೆ 12 ಮಿ.ಮೀ. ಸೇರಿಸಿದರೆ ಒಂದು ವರಸೆ 77 ಮಿ.ಮೀ., ಅಂದರೆ ಒಂದು ಮೀಟರಿಗೆ 13 ವರಸೆ. ಮಾದರಿಯಲ್ಲಿ 2.2 ಮಿ.ಮೀ.ಗೆ ಒಂದು ಗೀರು.

ದಪ್ಪದಲ್ಲೇ ಹೆಚ್ಚಿನವರು ಸೋಲುವುದು. ಆ ಚಳಿಯ ನಾಡಿನಲ್ಲಿ ಹೊರಗೋಡೆ ಎರಡು ಇಟ್ಟಿಗೆ ದಪ್ಪ, 510 ಮಿ.ಮೀ.; ಎಷ್ಟೋ ಕಡೆ ಎರಡೂವರೆ ಇಟ್ಟಿಗೆ, 640 ಮಿ.ಮೀ. ಮಾದರಿಯಲ್ಲಿ 14.6 ಮಿ.ಮೀ. ಅಥವಾ 18.3 ಮಿ.ಮೀ. ಸಿಕ್ಕಿದ 5 ಮಿ.ಮೀ. ಫೋಮ್ ಬೋರ್ಡಿನಲ್ಲಿ ಗೋಡೆ ಮಾಡಿದರೆ ಅದು ನಿಜದಲ್ಲಿ 17–18 ಸೆಂ.ಮೀ. ದಪ್ಪ, ನಾಲ್ಕು ಅಂತಸ್ತು ಹೊರುವ ಗೋಡೆಯಲ್ಲ. ಈ ಮೂಲೆಗೆ 14.6 ಇಟ್ಟುಕೊಂಡೆ. ಅಂತಸ್ತಿನ ಎತ್ತರ 3.2 ಮೀಟರ್, ಮಾದರಿಯಲ್ಲಿ 91 ಮಿ.ಮೀ. ಕಿಟಕಿ 34×51 ಮಿ.ಮೀ., ನೆಲದಿಂದ ಕಿಟಕಿಯ ಕಟ್ಟೆಗೆ 23 ಮಿ.ಮೀ. ಪಕ್ಕದಲ್ಲಿ ನಿಲ್ಲುವ ಸೈನಿಕ 49 ಮಿ.ಮೀ.

ಎರಕದ ಅಚ್ಚು ಸರಳ: ಗಾಜಿನ ಹಾಳೆಯ ಮೇಲೆ 14.6 ಮಿ.ಮೀ. ಎತ್ತರದ ಮರದ ಪಟ್ಟಿಗಳ ಚೌಕಟ್ಟು, ಸಂದಿಗೆ ಹೊರಗಿನಿಂದ ಜೇಡಿಮಣ್ಣು, ಒಳಗೆಲ್ಲ ತೆಳುವಾಗಿ ವ್ಯಾಸಲೀನ್. ದೊಡ್ಡ ಗೋಡೆ 20×18 ಸೆಂ.ಮೀ., ಅಂದರೆ ಸುಮಾರು 525 ಮಿ.ಲೀ. ಎರಕ. ಪುಡಿ ಹತ್ತಕ್ಕೆ ನೀರು ಆರೂವರೆ, ತೂಕದಲ್ಲಿ: 510 ಗ್ರಾಂ ಪುಡಿ, 330 ಮಿ.ಲೀ. ನೀರು. ಸಣ್ಣದು 14×18, ಅದಕ್ಕೆ 360 ಗ್ರಾಂ, 235 ಮಿ.ಲೀ. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಉದುರಿಸಿ ಒಂದೆರಡು ನಿಮಿಷ ನೆನೆಯಲು ಬಿಟ್ಟು, ಆಮೇಲೆ ನಿಧಾನವಾಗಿ ಕಲಸಬೇಕು. ರಭಸದಿಂದ ತಿರುವಿದರೆ ಗಾಳಿಗುಳ್ಳೆ ಸೇರಿ, ಗೀರುವಾಗ ಇಟ್ಟಿಗೆಯ ಮುಖದಲ್ಲೇ ಗುಳಿ ಬಾಯಿ ತೆರೆಯುತ್ತದೆ. ಹೊಯ್ದ ಮೇಲೆ ಮೇಜನ್ನು ಕೆಳಗಿನಿಂದ ಕೈಯಲ್ಲಿ ತಟ್ಟುತ್ತಿದ್ದರೆ ಗುಳ್ಳೆ ಮೇಲೆ ಬರುತ್ತದೆ. ಗಾಜಿಗೆ ತಾಗಿದ ಮುಖ ನುಣುಪಾಗಿರುವುದರಿಂದ ಅದೇ ಹೊರಮುಖ.

ಪುಡಿಯ ವಯಸ್ಸು ನೋಡಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಚ್ಚಿದ ಚೀಲದಿಂದ ತೂಗಿ ಕೊಡುವ ಪುಡಿ ಮಳೆಗಾಲದಲ್ಲಿ ಆಗಲೇ ತೇವ ಎಳೆದುಕೊಂಡಿರುತ್ತದೆ. ಅಂಥದ್ದು ಒಂದೇ ಸಮ ಗಟ್ಟಿಯಾಗುವುದಿಲ್ಲ, ಒಣಗಿದ ಮೇಲೂ ಉಗುರಿಗೆ ಉದುರುತ್ತದೆ. ಒಂದು ಚಮಚ ಕಲಸಿ ಪರೀಕ್ಷಿಸಿ. ಗಟ್ಟಿಯಾಗುವಾಗ ಚೆನ್ನಾಗಿ ಬೆಚ್ಚಗಾದರೆ ಪುಡಿ ಸರಿಯಿದೆ.

ಬಿಸಿ ಏರಿ ಇಳಿದ ಮೇಲೆ, ಮುಕ್ಕಾಲು ಗಂಟೆಯ ಹೊತ್ತಿಗೆ ಚೌಕಟ್ಟು ಬಿಚ್ಚಬಹುದು. ಮೊದಲು ಕಿಟಕಿ. ನಾಲ್ಕು ಮೂಲೆಗೂ ತೂತು ಹಾಕಿ, ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೊಯ್ಯುವುದು. ಆಮೇಲೆ ಒಡೆಯುವುದು. ಕೈಯಲ್ಲಿ ಹಿಡಿದು ಮುರಿದರೆ ಚಪ್ಪಡಿ ತನಗೆ ಬೇಕಾದಲ್ಲಿ, ಸಾಮಾನ್ಯವಾಗಿ ಕಿಟಕಿಯ ಮೂಲೆಯಿಂದ ಕಿಟಕಿಯ ಮೂಲೆಗೆ, ಸೀಳುತ್ತದೆ. ಗೆರೆ ಎಳೆದು, ಅದರ ಮೇಲೆ 5 ಮಿ.ಮೀ.ಗೆ ಒಂದರಂತೆ 2 ಮಿ.ಮೀ. ತೂತು ಕೊರೆದು, ಇಕ್ಕಳದಲ್ಲಿ ಚೂರು ಚೂರಾಗಿ ಕಚ್ಚಿ ತೆಗೆಯಬೇಕು.

ಆ ಗೆರೆ ಎಲ್ಲಿ ಹೋಗಬೇಕು? ಇಟ್ಟಿಗೆ ಗೋಡೆ ಬೀಳುವುದಕ್ಕೆ ಕ್ರಮವಿದೆ. ಎರಡು ಗೋಡೆ ಒಂದಕ್ಕೊಂದು ಆಸರೆ ಕೊಡುವುದರಿಂದ ಮೂಲೆ ಕೊನೆಯವರೆಗೆ ನಿಲ್ಲುತ್ತದೆ. ಎರಡು ಕಿಟಕಿಗಳ ನಡುವಿನ ಕಂಬ ಮೊದಲು ಹೋಗುತ್ತದೆ. ಅದು ಹೋದರೆ ಮೇಲಿನದೂ ಹೋಗುತ್ತದೆ. ಹಾಗಾಗಿ ಗೋಡೆಯ ಮೇಲಂಚು ಮೂಲೆಯಲ್ಲಿ ಎತ್ತರವಾಗಿದ್ದು ಕಿಟಕಿಗಳ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಒಡಕು ಗಾರೆಯ ಸಂದುಗಳನ್ನು ಹಿಡಿದು ಹೋಗುತ್ತದೆ. ನೇರ ಓರೆಗೆರೆಯಲ್ಲಿ ಇಟ್ಟಿಗೆಗಳ ನಡುವೆಯೇ ಸೀಳಿದಂತೆ ತೋರಿಸಿದರೆ ಅದು ಕಾಂಕ್ರೀಟ್ ಗೋಡೆ. ಫಿರಂಗಿ ಗುಂಡು ಹೊಕ್ಕ ತೂತು ಹೊರಗೆ ಚಿಕ್ಕದು, ಒಳಮುಖದಲ್ಲಿ ಅಗಲವಾಗಿ ಸಿಡಿದಿರುತ್ತದೆ. ಬಂದೂಕಿನ ಗುಂಡಿನ ಗುರುತು ಗೋಡೆಯ ತುಂಬ ಸಮನಾಗಿ ಹರಡಿರುವುದಿಲ್ಲ, ಕಿಟಕಿಯ ಸುತ್ತ ಮುತ್ತಿಕೊಂಡಿರುತ್ತದೆ. ಒಳಗಿನಿಂದ ಗುಂಡು ಹಾರಿಸುತ್ತಿದ್ದವರು ಇದ್ದದ್ದು ಅಲ್ಲೇ. ಇದನ್ನೆಲ್ಲ ನೋಡಿ ಕಲಿಯಬೇಕೆಂದರೆ ವೋಲ್ಗೊಗ್ರಾಡಿನ (ಸ್ಟಾಲಿನ್‌ಗ್ರಾಡಿನ ಇಂದಿನ ಹೆಸರು) ಗೆರ್ಗಾರ್ಟ್ ಹಿಟ್ಟಿನ ಗಿರಣಿಯ ಚಿತ್ರಗಳಿಗಿಂತ ಒಳ್ಳೆಯ ಪಾಠವಿಲ್ಲ. ಕೆಂಪು ಇಟ್ಟಿಗೆಯ ಆ ಕಟ್ಟಡವನ್ನು ರಿಪೇರಿ ಮಾಡದೆ ಯುದ್ಧದ ಗುರುತುಗಳ ಸಮೇತ ಉಳಿಸಿದ್ದಾರೆ. ಎದುರಿಗೇ ಪಾವ್ಲೋವ್ ಮನೆ, ಆ ಕಾದಾಟದಲ್ಲಿ ಸೋವಿಯತ್ ಸೈನಿಕರು ಬಿಟ್ಟುಕೊಡದೆ ಹಿಡಿದುಕೊಂಡಿದ್ದ ವಸತಿ ಕಟ್ಟಡ. ಒಂದು ಎಚ್ಚರಿಕೆ: ಗಿರಣಿಯ ಒಳಗಿನದು ಕಬ್ಬಿಣ ಹಾಕಿದ ಕಾಂಕ್ರೀಟ್ ಚೌಕಟ್ಟು, ಅದಕ್ಕೇ ಅದರ ಅಂತಸ್ತುಗಳು ಇನ್ನೂ ನಿಂತಿವೆ. ಮರದ ತೊಲೆಗಳ ಮನೆಗೆ ಅದನ್ನು ನಕಲು ಮಾಡಬಾರದು.

ಈಗ ಗೀರುವುದು. ಪಿನ್ ವೈಸಿಗೆ (ಸೂಜಿ ಕಚ್ಚಿ ಹಿಡಿಯುವ ಸಣ್ಣ ಹಿಡಿ) ಹಾಕಿದ ದಪ್ಪ ಸೂಜಿ, ಸ್ಟೀಲ್ ಪಟ್ಟಿ, ಪಕ್ಕದಲ್ಲಿ ಒಂದು ಲೋಟ ನೀರು, ಬ್ರಷ್. ಮುಟ್ಟಿದರೆ ತಣ್ಣಗೆ ತಾಗುವಷ್ಟು ತೇವವಿದ್ದಾಗ ಸೂಜಿ ಸದ್ದಿಲ್ಲದೆ ಓಡುತ್ತದೆ, ಪುಡಿ ಉರುಳಿ ಬರುತ್ತದೆ. ಕಿರ್ ಎಂದು ಸದ್ದು ಬಂದರೆ ಒಣಗಿದೆ ಎಂದರ್ಥ. ಅಂಚು ಹಾರುವ ಮೊದಲೇ ನೀರು ಸವರಬೇಕು. ತೀರ ಹಸಿಯಿದ್ದರೆ ಗೀರಿನ ಎರಡೂ ಕಡೆ ಏರಿ ಏಳುತ್ತದೆ, ಆಗ ಸ್ವಲ್ಪ ಕಾಯುವುದೇ ಮೇಲು. ಅಡ್ಡಗೀರುಗಳನ್ನೆಲ್ಲ ಮೊದಲು ಮುಗಿಸಿ, ನಿಲುವು ಗೀರುಗಳನ್ನು ಆಮೇಲೆ.

ನಿಲುವು ಗೀರಿನಲ್ಲಿ ಕಟ್ಟುವಿಕೆ ತಪ್ಪಬಾರದು. ಇಟ್ಟಿಗೆಯ ಉದ್ದ ಪಕ್ಕ ಮಾತ್ರ ಕಾಣುವಂತೆ ಎಲ್ಲ ವರಸೆ ಗೀರುವುದು ಮಾದರಿಗಳಲ್ಲಿ ತುಂಬ ಕಾಣುವ ತಪ್ಪು. ಅದು ಅರ್ಧ ಇಟ್ಟಿಗೆಯ ತೆಳುಗೋಡೆಯ ಕಟ್ಟು. ಎರಡು ಇಟ್ಟಿಗೆ ದಪ್ಪದ ಗೋಡೆಯನ್ನು ಒಟ್ಟಿಗೆ ಹಿಡಿದಿಡಲು ಇಟ್ಟಿಗೆಗಳು ಒಳಕ್ಕೂ ಚಾಚಬೇಕು. ಅದಕ್ಕೇ ಒಂದು ವರಸೆ ಸ್ಟ್ರೆಚರ್, ಉದ್ದ ಪಕ್ಕ, 7.4 ಮಿ.ಮೀ.ಗೆ ಒಂದು ಗೀರು. ಅದರ ಮೇಲಿನದು ಹೆಡರ್, ತುದಿ ಮುಖ, 3.7 ಮಿ.ಮೀ.ಗೆ ಒಂದು. ಸ್ಟ್ರೆಚರ್ ವರಸೆಯನ್ನು ಮೂಲೆಯಲ್ಲಿ ಮುಕ್ಕಾಲು ಇಟ್ಟಿಗೆಯಿಂದ, 5.3 ಮಿ.ಮೀ.ನಿಂದ, ಶುರುಮಾಡಿದರೆ ಸಂದಿನ ಮೇಲೆ ಸಂದು ಬರುವುದಿಲ್ಲ. ಒಂದು ಮುಖದಲ್ಲಿ ಸ್ಟ್ರೆಚರ್ ಆಗಿರುವ ವರಸೆ ಮೂಲೆ ತಿರುಗಿದ ಮೇಲೆ ಪಕ್ಕದ ಮುಖದಲ್ಲಿ ಹೆಡರ್ ಆಗಬೇಕು. ದೊಡ್ಡ ಗೋಡೆಯ ಒಂದು ಮುಖಕ್ಕೇ ಹತ್ತಿರ ಹತ್ತಿರ ಎರಡೂವರೆ ಸಾವಿರ ಗೀರು. ಹೊರಗೆ ಗಿಲಾವು ಇರುವ ಕಟ್ಟಡವಾದರೆ ಅದು ಕಳಚಿದ ಜಾಗದಲ್ಲಷ್ಟೇ ಗೀರಿದರೆ ಸಾಕು. ಈ ಮೂಲೆಯಲ್ಲಿ ಅರ್ಧ ಭಾಗಕ್ಕೆ ಗಿಲಾವು ಉಳಿಸಿದೆ, 0.5 ಮಿ.ಮೀ. ಎತ್ತರದಲ್ಲಿ. ಕಳಚಿದ ಕಡೆ ಮುಖವನ್ನು ಅಷ್ಟು ಕೆರೆದು ತಗ್ಗಿಸಿ ಆಮೇಲೆ ಗೀರಬೇಕು.

ನೋಡುವವರ ಕಣ್ಣು ಮೊದಲು ಹೋಗುವುದು ಒಡೆದ ಮೇಲಂಚಿಗೆ. ಅದನ್ನು ಹತ್ತಿರದಿಂದ ಹೇಳುತ್ತೇನೆ. 14.6 ಮಿ.ಮೀ. ದಪ್ಪದ ಆ ಪಟ್ಟಿಯಲ್ಲಿ ಒಡೆದ ಕಡೆಯೂ ವರಸೆ ಕಾಣಬೇಕು. ಹೆಡರ್ ವರಸೆ ಬಯಲಾದಲ್ಲಿ ಎರಡು ಇಟ್ಟಿಗೆ ತುದಿಗೆ ತುದಿ ಸೇರಿ ಅಡ್ಡ ಮಲಗಿವೆ. ಅದರ ಕೆಳಗಿನ ಮೆಟ್ಟಿಲಿನಲ್ಲಿ ಹೊರಗೊಂದು, ಒಳಗೊಂದು ಸ್ಟ್ರೆಚರ್, ನಡುವೆ ಅಡ್ಡ ಇಟ್ಟಿಗೆ. ಒಂದೆರಡು ಇಟ್ಟಿಗೆ ಕಿತ್ತುಬಂದು, ಕೆಳಗಿನ ಗಾರೆಯ ಹಾಸಿನಲ್ಲಿ ಅದರ ಅಚ್ಚು ಉಳಿದಿದೆ: 7.1×3.4ರ ತಗ್ಗು, ಕಾಲು ಮಿ.ಮೀ. ಆಳ. ಒಂದು ಇಟ್ಟಿಗೆ ಸಡಿಲಗೊಂಡು ಸ್ವಲ್ಪ ತಿರುಗಿ ಕೂತಿದೆ. ಅದನ್ನು ಬೇರೆಯಾಗಿ ಕತ್ತರಿಸಿ ಅಂಟಿಸಬೇಕು. ಮುರಿದ ಇಟ್ಟಿಗೆಯ ಒಳಬಣ್ಣ ಹೊರಬಣ್ಣಕ್ಕಿಂತ ತಿಳಿ, ಕಿತ್ತಳೆ ಕೆಂಪು, ಮಸಿ ಹತ್ತಿರುವುದಿಲ್ಲ.

ಒಳಮುಖದಲ್ಲಿ ಅಂತಸ್ತಿನ ಮಟ್ಟಕ್ಕೆ ತೊಲೆಗಳ ಗೂಡು ಸಾಲಾಗಿ ಕೊರೆಯಬೇಕು, 25 ಮಿ.ಮೀ.ಗೆ ಒಂದು. 1942ರ ಆಗಸ್ಟ್ 23ರ ವಿಮಾನದಾಳಿಯಲ್ಲಿ ಈ ಊರು ಹೊತ್ತಿ ಉರಿಯಿತು. ಮರದ ಮನೆಗಳ ಬೀದಿಗಳಲ್ಲಿ ಒಲೆ, ಹೊಗೆಗೂಡು ಮಾತ್ರ ಉಳಿದವು. ಇಟ್ಟಿಗೆ ಮನೆಗಳಲ್ಲಿ ಒಳಗಿನ ಮರವೆಲ್ಲ ಸುಟ್ಟು ಗೋಡೆ ನಿಂತಿತು. ಅಂಥ ಗೋಡೆಯಲ್ಲಿ ತೊಲೆಗೂಡು ಖಾಲಿ, ಕೆಲವುದರಲ್ಲಿ ಮಾತ್ರ ಕರಿಕಾದ ಮೋಟು. ಅಲ್ಲಿ ಜನ ಬಾಳುತ್ತಿದ್ದರು, ಸಾವಿರಾರು ಮಂದಿ ಆ ದಿನಗಳಲ್ಲಿ ಸತ್ತರು. ಮಂಚ, ಒಲೆ, ಗೋಡೆಯ ಬಣ್ಣ ಇವನ್ನು ಅಲಂಕಾರವೆಂದು ಇಡುವುದಿಲ್ಲ. ಅವಿಲ್ಲದಿದ್ದರೆ ಅದು ಮನೆಯೇ ಅಲ್ಲ. 0.8 ಮಿ.ಮೀ. ತಂತಿ ಬೆಸೆದು ಬಾಗಿಸಿದ ಒಂದು ಕಬ್ಬಿಣದ ಮಂಚ ಸಾಕು, ಅರ್ಧ ಹೂತಿರಲಿ.

ಎರಡು ಗೋಡೆಯ ಅಂಚನ್ನು 45 ಡಿಗ್ರಿಗೆ ಉಜ್ಜಿ ಜೋಡಿಸುತ್ತೇನೆ. ಅಂಟುವ ಮುಖಗಳಿಗೆ ನೀರು ಸವರದಿದ್ದರೆ ಒಣ ಪ್ಲಾಸ್ಟರ್ ಫೆವಿಕಾಲಿನ ನೀರನ್ನೆಲ್ಲ ಹೀರಿ ಬೆಸುಗೆ ಹಿಡಿಯುವುದಿಲ್ಲ. ಮುಖಕ್ಕೆ ಸೋರಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಂಟು ಕೂತ ಜಾಗ ಮುಂದೆ ಬಣ್ಣ ಹೀರದೆ ಬಿಳಿಚಿಕೊಂಡು ಕಾಣುತ್ತದೆ.

ಇನ್ನು ಅವಶೇಷದ ರಾಶಿ. ಮೇಲಿನ ಎರಡು ಅಂತಸ್ತು ಎಲ್ಲಿಗೆ ಹೋಯಿತು ಎಂಬುದಕ್ಕೆ ಲೆಕ್ಕ ಇರಬೇಕು. 34 ಸೆಂ.ಮೀ. ಉದ್ದ, 18 ಸೆಂ.ಮೀ. ಎತ್ತರ, 1.46 ದಪ್ಪ, ಕಿಟಕಿ ಕಳೆದರೆ ಸುಮಾರು 700 ಮಿ.ಲೀ. ಗೋಡೆ. ಒಡೆದು ಬಿದ್ದದ್ದು ಸಡಿಲವಾಗಿ ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ, ಅಂದರೆ ಒಂದು ಲೀಟರ್. ಅರ್ಧ ಒಳಗೆ, ಅರ್ಧ ಹೊರಗೆ ಎಂದುಕೊಂಡು 35 ಡಿಗ್ರಿ ಇಳಿಜಾರು ಕೊಟ್ಟರೆ ಹೊರಗಿನ ರಾಶಿ ಗೋಡೆಯ ಮೇಲೆ ನಾಲ್ಕೂವರೆ ಸೆಂ.ಮೀ. ಏರುತ್ತದೆ, ಹೆಚ್ಚುಕಡಿಮೆ ಸೈನಿಕನ ಎತ್ತರ. ಗೋಡೆಯ ಬುಡಕ್ಕೆ ಒಂದು ಹಿಡಿ ಚೂರು ಉದುರಿಸಿ ಮುಗಿಸಿದ ಮಾದರಿಗಳು ಸುಳ್ಳೆನಿಸುವುದು ಇದಕ್ಕೇ. ಪೂರ್ತಿ ಪ್ಲಾಸ್ಟರಿನಲ್ಲೇ ತುಂಬಿದರೆ ಭಾರ, ಜೊತೆಗೆ ಒಣಗುವಾಗ ಪೀಠ ಬಾಗುತ್ತದೆ. ಒಳಗೆ ಥರ್ಮೊಕೋಲ್ ಇಳಿಜಾರು ಇಟ್ಟು ಮೇಲೆ 1 ಸೆಂ.ಮೀ. ರಾಶಿ ಹಾಕಿದರೆ ಸಾಕು. ಪೀಠ 12 ಮಿ.ಮೀ. ಪ್ಲೈವುಡ್, ಎರಡೂ ಮುಖಕ್ಕೆ ವಾರ್ನಿಷ್.

ಬಿಡಿ ಇಟ್ಟಿಗೆಗೆ 1.9 ಮಿ.ಮೀ. ದಪ್ಪದ ಹಾಳೆ ಹೊಯ್ದು ಹಸಿಯಿರುವಾಗಲೇ ಕತ್ತರಿಸಿ, ಒಣಗಿದ ಮೇಲೆ ಡಬ್ಬಿಯಲ್ಲಿ ನಾಲ್ಕು ಜಲ್ಲಿಕಲ್ಲಿನ ಜೊತೆ ಕುಲುಕಬೇಕು. ಟೀ ಜರಡಿಯಲ್ಲಿ ಸೋಸಿದರೆ ಇಡೀ, ಅರ್ಧ, ಚೂರು, ಪುಡಿ ಬೇರೆಬೇರೆಯಾಗುತ್ತವೆ. ಇಡೀ ಇಟ್ಟಿಗೆ ಕಡಿಮೆಯಿರಲಿ. ರಾಶಿಯ ಹೆಚ್ಚು ಪಾಲು ಗಾರೆ, ಗಿಲಾವಿನ ಚೂರು, ದೂಳು. ಬೆಂಕಿಯಲ್ಲಿ ಮೊದಲು ಬೀಳುವುದು ಮಾಡು, ಆಮೇಲೆ ಅಂತಸ್ತು, ಕೊನೆಗೆ ಗೋಡೆ. ಹಾಗಾಗಿ ಮಾಡಿನ ತಗಡು, ಸುಟ್ಟ ತೊಲೆ ಇಟ್ಟಿಗೆಯ ಅಡಿಯಿಂದ ಹೊರಚಾಚಬೇಕು. ಅರ್ಧ ಮಿ.ಮೀ. ತಗಡಿಗೆ 1/35ರಲ್ಲಿ ಅಡುಗೆಮನೆಯ ಫಾಯಿಲ್ ಹೆಚ್ಚುಕಡಿಮೆ ಸರಿಯಾದ ದಪ್ಪ. ಹರಿಯುತ್ತದೆಂದು ಅನಿಸಿದರೆ ಪಾರ್ಸೆಲ್ ಡಬ್ಬಿಯ ಫಾಯಿಲ್ ಬಳಸಬಹುದು.

ಅಂಟಿಗೆ ಫೆವಿಕಾಲ್ ಒಂದಕ್ಕೆ ನೀರು ನಾಲ್ಕು, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಅದಕ್ಕೂ ಮೊದಲು ರಾಶಿಯ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಂಪಡಿಸಬೇಕು. ಇಲ್ಲದಿದ್ದರೆ ಹನಿ ದೂಳಿನ ಮೇಲೆ ಉಂಡೆಯಾಗಿ ಉರುಳಿ ಗುಂಡಿ ಮಾಡುತ್ತದೆ.

ಬಣ್ಣವನ್ನು ಚುಟುಕಾಗಿ ಹೇಳುತ್ತೇನೆ. ಇಡೀ ಗೋಡೆಗೆ ಮೊದಲು ಗಾರೆಯ ಬಣ್ಣ, ತೀರ ನೀರಾದ ಅಕ್ರಿಲಿಕ್. ಒಣಗಿದ ಮೇಲೆ ಬ್ರಷ್ಷನ್ನು ಮಲಗಿಸಿ ಇಟ್ಟಿಗೆಯ ಬಣ್ಣ ಒತ್ತಿದರೆ ಸಂದು ಹಾಗೇ ಉಳಿಯುತ್ತದೆ. ಹತ್ತರಲ್ಲಿ ಒಂದು ಇಟ್ಟಿಗೆಗೆ ಬೇರೆ ಛಾಯೆ. ಮಸಿ ಕಿಟಕಿಯ ಮೇಲಂಚಿನಿಂದ ಮೇಲಕ್ಕೆ ಮಾತ್ರ, ಅಪ್ಪಟ ಕಪ್ಪಲ್ಲ, ಕಂದು ಬೆರೆತ ಬೂದು. ಅಕ್ಟೋಬರ್ ಆದ್ದರಿಂದ ಹಿಮ ಬೇಡ. ಕಿಟಕಿಕಟ್ಟೆ, ಮೆಟ್ಟಿಲಂಚು, ರಾಶಿ, ಸೈನಿಕರ ಬೂಟು, ಮೊಣಕಾಲು ಎಲ್ಲಕ್ಕೂ ಒಂದೇ ಪಿಗ್ಮೆಂಟ್ (ಒಣ ಬಣ್ಣದ ಪುಡಿ) ದೂಳು ಬರಬೇಕು, ಆಗ ಸೈನಿಕರು ಅದೇ ಜಾಗದವರಾಗುತ್ತಾರೆ.

ಅಕ್ರಿಲಿಕ್ ಮುಚ್ಚಳ ಹಾಕಲು ಅವಸರ ಮಾಡಬೇಡಿ. ದಪ್ಪ ಗೋಡೆಯೊಳಗಿನ ನೀರು ಬೇಸಿಗೆಯಲ್ಲೂ ವಾರ ಹಿಡಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ದಿನಾ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಮುಚ್ಚಿದರೆ ಒಳಗೆ ಮಂಜು ಕಟ್ಟುವುದಿಲ್ಲ, ಮಂಚದ ತಂತಿಗೆ ತುಕ್ಕೂ ಹಿಡಿಯುವುದಿಲ್ಲ.