ಅಲಸಂದೆ ಹೋದ ವಾರ

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಕಾಫಿ ಲೋಟ ಹಿಡಿದು ಹಿಂದಿನ ಬಾಗಿಲು ತೆಗೆದೆ. ಅಲಸಂದೆ ಚಪ್ಪರದ ಹತ್ತಿರ ತಾಯಿ ಜಿಂಕೆ ನಿಂತಿತ್ತು. ಬಾಯಲ್ಲಿ ಒಂದು ಮೊಳ ಬಳ್ಳಿ. ಹಿಂದೆ ಎರಡು ಮರಿ, ಮೈಮೇಲಿನ ಬಿಳಿ ಚುಕ್ಕೆ ಇನ್ನೂ ಮಾಸಿರಲಿಲ್ಲ. "ಹೋಯ್!" ಎಂದು ಕೂಗಿದೆ. ಓಡಲಿಲ್ಲ. ನನ್ನನ್ನೇ ನೋಡುತ್ತಾ ಬಳ್ಳಿಯನ್ನು ಪೂರ್ತಿ ಒಳಗೆ ಎಳೆದುಕೊಂಡಿತು. ಆಮೇಲೆ ಬಿಳಿ ಬಾಲ ಎತ್ತಿ, ಮರಿಗಳ ಜೊತೆ ಮನೆ ಪಕ್ಕದ ಸಂದಿಯಿಂದ ಹೋಯಿತು.

ಎಲೆಗಳೆಲ್ಲ ಹರಿದು ಜೋಲುತ್ತಿದ್ದವು. ಜಿಂಕೆಗೆ ಮೇಲಿನ ಸಾಲಿನ ಮುಂದಿನ ಹಲ್ಲು ಇಲ್ಲ, ಕಿತ್ತು ಎಳೆಯುತ್ತದೆ. ಮೊಲ ತಿಂದಿದ್ದರೆ ಕತ್ತರಿ ಹಾಕಿದ ಹಾಗೆ ಇರುತ್ತಿತ್ತು. ಟೊಮೆಟೊ ಕುಡಿಗಳೂ ಹೋಗಿದ್ದವು. ಪುದೀನ, ಈರುಳ್ಳಿ ಮಾತ್ರ ಮುಟ್ಟಿರಲಿಲ್ಲ. ನ್ಯೂಜೆರ್ಸಿಯಲ್ಲಿ ಬೆಚ್ಚಗಿನ ದಿನಗಳೇ ಕಡಿಮೆ. ಮೇ ತಿಂಗಳಲ್ಲಿ ಬಿತ್ತಿ ಆಗಸ್ಟ್‌ವರೆಗೆ ಕಾದಿದ್ದೆ. ನಿಜವಾಗಿ ಅಳು ಬಂತು.

ಅದೇ ಹೊತ್ತಿಗೆ ಎದುರುಮನೆಯವರು ನಾಯಿ ಹಿಡಿದುಕೊಂಡು ಬಂದರು. ಹೇಳಿದೆ. ನಕ್ಕು, "ಅವು ನಮಗಿಂತ ಮೊದಲೇ ಇಲ್ಲಿದ್ದವಲ್ವಾ" ಅಂದರು.

ಒಳ್ಳೆಯ ಹೆಂಗಸು, ಹಿಮ ಬಿದ್ದಾಗ ನಮ್ಮ ಬಾಗಿಲೂ ತಟ್ಟಿ ವಿಚಾರಿಸುತ್ತಾರೆ. ಆದರೆ ಜಿಂಕೆಗೆ ಅಂತ ದಿನಾ ಮೆಕ್ಕೆಜೋಳ ಸುರಿಯುವವರೂ ಅವರೇ. ಹಾಗೆ ಮಾಡಬಾರದು. ಒಂದೇ ಕಡೆ ಗುಂಪು ಸೇರಿದರೆ ರೋಗ ಬೇಗ ಹರಡುತ್ತದೆ.

ಅವರ ಮಾತು ಮಾತ್ರ ಹೋಗುತ್ತಿಲ್ಲ. ಪಾತ್ರೆ ತೊಳೆಯುವಾಗಲೂ ಅದೇ. ನಮಗಿಂತ ಮೊದಲೇ ಇಲ್ಲಿದ್ದವು.

1900ರ ಹೊತ್ತಿಗೆ ಬೇಟೆಯಾಡಿ ಆಡಿ ಈ ರಾಜ್ಯದಲ್ಲಿ ಜಿಂಕೆ ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. ಬೇಟೆಗೆ ಕಟ್ಟುಪಾಡು ಬಂದ ಮೇಲೆ ಚೇತರಿಸಿಕೊಂಡವು. ಹಿಡಿದು ತಿನ್ನಲು ತೋಳ, ಪೂಮಾ ಉಳಿದಿರಲಿಲ್ಲ. ನಾವು ಮನೆ ಕಟ್ಟಿ, ಹುಲ್ಲು ಬೆಳೆಸಿ, ನಡುನಡುವೆ ತುಂಡು ಕಾಡು ಬಿಟ್ಟೆವು. ಜಿಂಕೆಗೆ ಬೇಕಾದದ್ದು ಅಂಥದ್ದೇ ಜಾಗ. ಅಂದರೆ ಇಷ್ಟೊಂದು ಜಿಂಕೆ ನಮ್ಮಿಂದಲೇ ಆದವು.

ಮೊದಲು ಇದ್ದವರು ಅಂದರೆ ಇಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನ. ಇದೇ ನೆಲದಲ್ಲಿ ಮೆಕ್ಕೆಜೋಳದ ಜೊತೆ ಬೀನ್ಸ್ ಬಳ್ಳಿ ಹಬ್ಬಿಸಿದವರು, ಜಿಂಕೆ ಬೇಟೆಯಾಡಿದವರು. ಅವರನ್ನು ಇಲ್ಲಿಂದ ಹೊರಡಿಸಿಬಿಟ್ಟರು. ಹ್ಯಾಕೆನ್‌ಸ್ಯಾಕ್, ಪಸೇಯಿಕ್ ಅಂತ ಊರು, ನದಿಗಳಿಗೆ ಅವರ ಮಾತಿನ ಹೆಸರುಗಳು ಉಳಿದಿವೆ. ಜಿಂಕೆಯ ಪರವಾಗಿ ನಮ್ಮ ಬೀದಿಯಲ್ಲಿ ಎಲ್ಲರೂ ಮಾತಾಡುತ್ತಾರೆ. ಆ ಜನರ ಬಗ್ಗೆ ಒಬ್ಬರೂ ಎತ್ತಿದ್ದು ನಾನು ಕೇಳಿಲ್ಲ. ನಾನೂ ಎತ್ತಿರಲಿಲ್ಲ. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಹಿತ್ತಲಿಗೂ ಕಾಡುಕುರಿ, ಅಂದರೆ ಸಣ್ಣ ಜಾತಿಯ ಜಿಂಕೆ, ಬರುತ್ತಿತ್ತು. ಅಪ್ಪಯ್ಯ ರಾತ್ರಿ ಎದ್ದು ತಗಡು ಬಡಿಯುತ್ತಿದ್ದರು, ಬೆಳಿಗ್ಗೆ ಉಳಿದ ಹರಿವೆಗೆ ನೀರು ಹಾಕುತ್ತಿದ್ದರು. ಅದು ಯಾರ ಜಾಗ ಅನ್ನುವ ಮಾತೇ ಮನೆಯಲ್ಲಿ ಬಂದಿರಲಿಲ್ಲ. ಆ ಹಿತ್ತಲೂ ಯಾವತ್ತೋ ಕಾಡೇ ಆಗಿತ್ತು ಅಲ್ವಾ?

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಎಂಟು ಅಡಿ ಬೇಲಿ ಹಾಕದಿದ್ದರೆ ಜಿಂಕೆ ಹಾರುತ್ತದೆ, ಇಲ್ಲಿ ಆರಕ್ಕಿಂತ ಜಾಸ್ತಿ ಎತ್ತರಕ್ಕೆ ಬಿಡುವುದಿಲ್ಲ ಅಂತೆಲ್ಲ ಹೇಳಿಕೊಂಡೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಬೀಜಕ್ಕೆ ನಾಲ್ಕು ಕಾಯಾದ್ರೂ ಉಳಿದಿದ್ಯಾ ನೋಡೇ" ಅಂದಳು.

ಟಾರ್ಚ್ ಹಿಡಿದು ಹೋದೆ. ಚಪ್ಪರದ ಮೇಲೆ, ಜಿಂಕೆಯ ಬಾಯಿಗೆ ಎಟುಕದ ಕಡೆ, ಆರು ಕಾಯಿ ಇದ್ದವು. ಎರಡು ಆಗಲೇ ಒಣಗಲು ಶುರುವಾಗಿವೆ.